ತಪ್ಪು ಯಾರದೆಂದು ರಸ್ತೆ ಹೇಳಬಲ್ಲುದೇ?

ಹಳೇಬೀಡಿನ ಹೊಯ್ಸಳೇಶ್ವರ ದೇವಾಲಯವನ್ನು ಕಂಡು ಹೊರಬಂದ ಪ್ರವಾಸಿಗರು ಕೇದಾರೇಶ್ವರ ದೇವಾಲಯದತ್ತ ಹೊರಟರೆ ನಡುವೆ ಬಸ್ತಿಹಳ್ಳಿ ಸಿಕ್ಕುತ್ತದೆ. ವಿಷ್ಣುವರ್ಧನನ ದಂಡನಾಯಕನಾಗಿದ್ದ ಗಂಗರಾಜನ ನೆನಪಿಗಾಗಿ ಅವನ ಮಗ ಬೊಪ್ಪದೇವನು 1133ರಲ್ಲಿ ಕಟ್ಟಿಸಿದ ಪಾರ್ಶ್ವನಾಥ ಬಸದಿ ಇರುವುದು ಇಲ್ಲಿಯೇ. ಬಸದಿಯೊಳಗಿನ ಕರಿಯ ಕಂಬಗಳ ನಯವನ್ನು ನೋಡಿ ಬೆರಗಾಗದವರಿಲ್ಲ. 2023ರಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರಗಳ ಹೊಯ್ಸಳ ದೇವಾಲಯಗಳು ವಿಶ್ವಪರಂಪರೆಯ ಪಟ್ಟಿಗೆ ಸೇರಿದವು. ದೂರದೂರಿನ ಕಾರುಗಳೂ ಪ್ರವಾಸಿ ಬಸ್ಸುಗಳೂ ಹಾಲಿನ ಕ್ಯಾನು ಹೊತ್ತ ಮೋಟಾರು ಸೈಕಲು, ತೆಂಗಿನಕಾಯಿ ತುಂಬಿದ ಟ್ರ್ಯಾಕ್ಟರು, ಮೇವಿನ ಗಾಡಿಗಳೂ ಈ ಕಡೆಯ ದಾರಿಗಳನ್ನು ಹಂಚಿಕೊಳ್ಳುತ್ತವೆ. ಇಂಥ ದಾರಿಯಲ್ಲಿ ಒಂದು ಅಪಘಾತವನ್ನು ಕಲ್ಪಿಸಿಕೊಂಡು, ಅದರ ಲೆಕ್ಕವನ್ನು ಓದುಗರ ಮುಂದಿಡಬೇಕೆಂದಿದ್ದೇವೆ. ನಾವು ಹೇಳಹೊರಟಿರುವುದು ನಡೆದ ಘಟನೆಯಲ್ಲ. ಆದರೆ ಇದನ್ನು ಹೋಲುವ ವ್ಯಾಜ್ಯಗಳು ನಮ್ಮ ನ್ಯಾಯಮಂಡಳಿಗಳಿಗೆ ನಿತ್ಯವೂ ಬರುತ್ತವೆ.

ಬೆಳಗಿನ ಹೊತ್ತು. ಹಾಲಿನ ಡೈರಿಗೆ ಹೊರಟ ರೈತನೊಬ್ಬನು ಓಣಿಯಿಂದ ದೊಡ್ಡ ರಸ್ತೆಗೆ ತನ್ನ ಮೋಟಾರು ಸೈಕಲನ್ನು ತಂದನು. ದೊಡ್ಡ ರಸ್ತೆಯಲ್ಲಿ ಬರುತ್ತಿದ್ದ ಕಾರಿನ ಚಾಲಕನು ಬ್ರೇಕನ್ನು ಒತ್ತಿ ಹಿಡಿದನು. ಚಕ್ರಗಳು ತಿರುಗುವುದನ್ನು ನಿಲ್ಲಿಸಿ, ಟೈರುಗಳು ರಸ್ತೆಯನ್ನು ಉಜ್ಜುತ್ತ 18 ಮೀಟರ್ ಜಾರಿ, ಕಾರು ಗಂಟೆಗೆ ಸುಮಾರು 30 ಕಿಲೋಮೀಟರ್ ವೇಗದಲ್ಲಿ ಮೋಟಾರು ಸೈಕಲಿಗೆ ಬಡಿಯಿತು. ರೈತನ ಕಾಲು ಮುರಿಯಿತು. ಆ ಭಾಗದಲ್ಲಿ ಗಂಟೆಗೆ 50 ಕಿಲೋಮೀಟರ್ ಮಿತಿಯ ಫಲಕವಿತ್ತೆಂದು ಇಟ್ಟುಕೊಳ್ಳೋಣ. ಆಸ್ಪತ್ರೆಯ ಖರ್ಚು, ದುಡಿಮೆಯ ನಷ್ಟ, ಮುಂದೆ ಉಳಿಯುವ ಊನ ಎಲ್ಲವನ್ನೂ ಸೇರಿಸಿ ಪರಿಹಾರವು 8 ಲಕ್ಷ ರೂಪಾಯಿ ಎಂದು ನಿರ್ಧಾರವಾಯಿತೆನ್ನಿ. ಆಗ ಕಾರಿನ ವಿಮಾ ಕಂಪನಿಯ ವಕೀಲರು ಏಳುತ್ತಾರೆ: "ಓಣಿಯಿಂದ ಬರುವವನು ನೋಡಿಕೊಂಡು ಬರಬೇಕಾಗಿತ್ತು. ಅರ್ಧ ತಪ್ಪು ಅವನದೇ."

ಈ ಒಂದು ಮಾತಿನ ಬೆಲೆ 4 ಲಕ್ಷ ರೂಪಾಯಿ. ಗಾಯಗೊಂಡವನ ಪಾಲಿನ ತಪ್ಪು ಶೇಕಡಾ 25 ಎಂದಾದರೆ ಅವನ ಕೈಗೆ 6 ಲಕ್ಷ. ಶೇಕಡಾ 50 ಎಂದಾದರೆ 4 ಲಕ್ಷ. ತಪ್ಪೇ ಇಲ್ಲವೆಂದಾದರೆ ಪೂರ್ತಿ 8 ಲಕ್ಷ. ಕಾನೂನಿನಲ್ಲಿ ಇದಕ್ಕೆ ಸಹಭಾಗಿ ನಿರ್ಲಕ್ಷ್ಯವೆಂದು ಹೆಸರು. ಕಾಲು ಮುರಿದುಕೊಂಡು ಮಲಗಿದವನಿಗೆ ಈ ಶೇಕಡಾವಾರು ಲೆಕ್ಕವು ಕೇವಲ ಅಂಕಿಗಳ ಆಟವಲ್ಲವೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಚಾಲಕನನ್ನು ಬಿಟ್ಟು ಕಂಪನಿಯೊಡನೆ ವಾದವೇಕೆಂದು ಕೆಲವರು ಕೇಳಬಹುದು. ವಾಹನದಿಂದ ಇತರರಿಗೆ ಆಗುವ ಹಾನಿಗೆ ವಿಮೆ ಇರಲೇಬೇಕೆಂದು 1939ರ ಮೋಟಾರು ವಾಹನ ಕಾಯಿದೆಯು ವಿಧಿಸಿತು. ಆ ಭಾಗವು ಜಾರಿಗೆ ಬಂದುದು 1946ರ ಜುಲೈ 1ರಂದು. ಇಂಥ ಮೊಕದ್ದಮೆಗಳಿಗೆಂದೇ ನ್ಯಾಯಮಂಡಳಿಗಳನ್ನು ಸ್ಥಾಪಿಸಲು 1956ರ ತಿದ್ದುಪಡಿಯು ಅವಕಾಶ ಕೊಟ್ಟಿತು. ಈಗ ನಡೆಯುತ್ತಿರುವುದು 1988ರ ಕಾಯಿದೆ. ಹಣ ತೆರಬೇಕಾದದ್ದು ವಿಮಾ ಕಂಪನಿಯಾದ್ದರಿಂದ ತಪ್ಪಿನ ಪ್ರಮಾಣವನ್ನು ಕುರಿತು ಹೋರಾಡುವುದೂ ಅದೇ. ಅದರಲ್ಲಿ ಅನ್ಯಾಯವೇನೂ ಇಲ್ಲ. ವಾದಿಸುವ ಹಕ್ಕು ಇಬ್ಬರಿಗೂ ಉಂಟು. ನಾವು ಕೇಳತಕ್ಕ ಪ್ರಶ್ನೆ, ಈ ವಾದವು ಯಾವುದರ ಆಧಾರದ ಮೇಲೆ ತೀರ್ಮಾನವಾಗಬೇಕು ಎಂಬುದು.

ಕಣ್ಣಾರೆ ಕಂಡವರನ್ನು ಕೇಳಿದರಾಯಿತೆಂದು ಮೊದಲು ತೋರುತ್ತದೆ. 1896ರ ಆಗಸ್ಟ್ 17ರಂದು ಲಂಡನ್ನಿನ ಕ್ರಿಸ್ಟಲ್ ಪ್ಯಾಲೇಸ್ ಆವರಣದಲ್ಲಿ ಬ್ರಿಜೆಟ್ ಡ್ರಿಸ್ಕಾಲ್ ಎಂಬ ಮಹಿಳೆ ಕಾರಿಗೆ ಸಿಕ್ಕಿ ಸತ್ತಳು. ಬ್ರಿಟನ್ನಿನಲ್ಲಿ ಕಾರಿಗೆ ಬಲಿಯಾದ ಮೊದಲ ಪಾದಚಾರಿ ಆಕೆಯೆಂದು ಹೇಳುವುದುಂಟು. ವಿಚಾರಣೆಯಲ್ಲಿ ಚಾಲಕನು ತನ್ನ ವೇಗವು ಗಂಟೆಗೆ 4 ಮೈಲಿ, ಎಂದರೆ ಬಿರುಸಾಗಿ ನಡೆಯುವವನಷ್ಟು, ಎಂದನು. ಕಂಡವರು ಕಾರು ಭಯಂಕರ ವೇಗದಲ್ಲಿ ಬಂದಿತೆಂದರು. ಅದೇ ಕಾರು, ಅದೇ ಕ್ಷಣ. ಮರಣ ಆಕಸ್ಮಿಕವೆಂದು ತೀರ್ಪಾಯಿತು.

ಇದಕ್ಕಿಂತ ಸ್ವಾರಸ್ಯವಾದದ್ದು 1974ರಲ್ಲಿ ಅಮೆರಿಕದಲ್ಲಿ ಎಲಿಜಬೆತ್ ಲಾಫ್ಟಸ್ ಮತ್ತು ಜಾನ್ ಪಾಮರ್ ಅವರು ಪ್ರಕಟಿಸಿದ ಪ್ರಯೋಗ. 45 ವಿದ್ಯಾರ್ಥಿಗಳಿಗೆ ಅಪಘಾತದ ಚಲನಚಿತ್ರಗಳನ್ನು ತೋರಿಸಿ ವಾಹನಗಳ ವೇಗವೆಷ್ಟಿತ್ತೆಂದು ಕೇಳಿದರು. ಪ್ರಶ್ನೆಯಲ್ಲಿ ಒಂದೇ ಒಂದು ಪದ ಬೇರೆ. "ಕಾರುಗಳು ಅಪ್ಪಳಿಸಿದಾಗ" ಎಂದು ಕೇಳಿಸಿಕೊಂಡವರು ಹೇಳಿದ ವೇಗದ ಸರಾಸರಿ ಗಂಟೆಗೆ ಸುಮಾರು 66 ಕಿಲೋಮೀಟರ್. "ಕಾರುಗಳು ಸೋಕಿದಾಗ" ಎಂದು ಕೇಳಿಸಿಕೊಂಡವರದು ಸುಮಾರು 51. ಇನ್ನೊಂದು ಪ್ರಯೋಗದಲ್ಲಿ, ವಾರ ಕಳೆದ ಮೇಲೆ, ಒಡೆದ ಗಾಜನ್ನು ಕಂಡಿರಾ ಎಂದು ಕೇಳಲಾಗಿ, "ಅಪ್ಪಳಿಸಿದ" ಗುಂಪಿನ 50 ಜನರಲ್ಲಿ 16 ಮಂದಿ ಕಂಡೆವೆಂದರು. "ಬಡಿದ" ಎಂಬ ಪದದ ಗುಂಪಿನಲ್ಲಿ 7 ಮಂದಿ. ಚಿತ್ರದಲ್ಲಿ ಗಾಜು ಒಡೆದಿರಲೇ ಇಲ್ಲ! ಬಸ್ತಿಹಳ್ಳಿಯ ಕಂಬದಲ್ಲಿ ಮುಖ ನೋಡಿಕೊಂಡವರಿಗೆ ಈ ಮಾತು ಬೇಗ ಅರ್ಥವಾದೀತು. ಅಲ್ಲಿ ಕಾಣುವ ಬಿಂಬ ನಮ್ಮದೇ ಹೌದು. ಆದರೆ ಕಂಬದ ಉರುಟಿಗೆ ತಕ್ಕಂತೆ ಅದು ಸೊರಗಿರುತ್ತದೆ. ಸಾಕ್ಷಿಯು ಸುಳ್ಳು ಹೇಳಬೇಕಾಗಿಲ್ಲ, ಅವನ ನೆನಪೇ ಕೇಳಿದವರ ಮಾತಿಗೆ ತಕ್ಕಂತೆ ಬಾಗಬಲ್ಲುದು.

ಇನ್ನು ಟೈರಿನ ಗುರುತನ್ನು ನೋಡೋಣ. ಓಡುವ ಕಾರಿನಲ್ಲಿ ಚಲನಶಕ್ತಿಯಿದೆ. ಅದು ವೇಗದ ವರ್ಗಕ್ಕೆ ಅನುಗುಣವಾಗಿರುವುದು. ಜಾರುವ ಟೈರು ಘರ್ಷಣೆಯ ಮೂಲಕ ಆ ಶಕ್ತಿಯನ್ನು ಶಾಖವಾಗಿ ಮಾರ್ಪಡಿಸುತ್ತದೆ. ಘರ್ಷಣೆಯ ಬಲ ಕಾರಿನ ತೂಕಕ್ಕೆ ಅನುಗುಣವಾದ್ದರಿಂದ ಲೆಕ್ಕದಲ್ಲಿ ತೂಕವು ಎರಡೂ ಕಡೆ ಬಂದು ಹೊಡೆದುಹೋಗುತ್ತದೆ. ಉಳಿಯುವ ಸೂತ್ರ ಬಹು ಸರಳ: ವೇಗದ ವರ್ಗವು ಘರ್ಷಣಾಂಕ, ಗುರುತ್ವದ ವೇಗೋತ್ಕರ್ಷ, ಜಾರಿದ ದೂರ ಈ ಮೂರರ ಗುಣಲಬ್ಧದ ಎರಡರಷ್ಟು. ಒಣಗಿದ ಡಾಂಬರು ರಸ್ತೆಗೆ ಘರ್ಷಣಾಂಕ ಸುಮಾರು 0.7. ಅದನ್ನು ಸೆಕೆಂಡಿನ ವರ್ಗಕ್ಕೆ 9.8 ಮೀಟರಿನಿಂದಲೂ, 18 ಮೀಟರಿನಿಂದಲೂ, 2ರಿಂದಲೂ ಗುಣಿಸಿದರೆ 247 ಬರುತ್ತದೆ. ವರ್ಗಮೂಲ 15.7, ಅಂದರೆ ಗಂಟೆಗೆ 57 ಕಿಲೋಮೀಟರಿಗೆ ತುಸು ಕಡಿಮೆ. ಕಾರು ಯಾವುದಕ್ಕೂ ಬಡಿಯದೆ ತಾನಾಗಿ ನಿಂತಿದ್ದರೆ ಅದರ ವೇಗ ಇಷ್ಟೇ.

ಆದರೆ ಅದು ನಿಲ್ಲಲಿಲ್ಲ. ಗಂಟೆಗೆ 30 ಕಿಲೋಮೀಟರ್ ವೇಗ ಉಳಿದಿರುವಾಗಲೇ ಬಡಿಯಿತು. (ಈ ಅಂಕಿಯನ್ನು ವಾಹನಗಳ ಜಖಂ ನೋಡಿಯೋ ಕಾರಿನ ಯಂತ್ರದ ದಾಖಲೆಯಿಂದಲೋ ಪಡೆಯುತ್ತಾರೆ.) ಹಾಗಾದರೆ 57 ಮತ್ತು 30 ಕೂಡಿ 87 ಎನ್ನಬಹುದೇ? ಕೂಡದು. ಕೂಡಬೇಕಾದದ್ದು ಶಕ್ತಿಗಳನ್ನು, ಎಂದರೆ ವೇಗಗಳ ವರ್ಗಗಳನ್ನು. ಗಂಟೆಗೆ 30 ಕಿಲೋಮೀಟರ್ ಎಂದರೆ ಸೆಕೆಂಡಿಗೆ 8.33 ಮೀಟರ್, ಅದರ ವರ್ಗ ಸುಮಾರು 69. ಇದನ್ನು 247ಕ್ಕೆ ಕೂಡಿಸಿದರೆ 316, ವರ್ಗಮೂಲ 17.8. ಬ್ರೇಕು ಹಿಡಿದ ಗಳಿಗೆಯಲ್ಲಿ ಕಾರಿನ ವೇಗ ಗಂಟೆಗೆ 64 ಕಿಲೋಮೀಟರ್. ಪ್ರೌಢಶಾಲೆಯ ಬೀಜಗಣಿತ ಬಲ್ಲವನು 87 ಎಂಬ ಆರೋಪವನ್ನೂ ಒಪ್ಪಲಾರ, 50ರೊಳಗೇ ಇದ್ದೆ ಎಂಬ ಚಾಲಕನ ಮಾತನ್ನೂ ಒಪ್ಪಲಾರ.

ವೇಗ ಹೆಚ್ಚಿತ್ತೆಂದ ಮಾತ್ರಕ್ಕೆ ಅಪಘಾತಕ್ಕೆ ವೇಗವೇ ಕಾರಣವೆಂದಾಯಿತೇ? ವಕೀಲರು ಈ ಪ್ರಶ್ನೆಯನ್ನು ಕೇಳಿಯೇ ಕೇಳುತ್ತಾರೆ, ಅದು ನ್ಯಾಯವಾದ ಪ್ರಶ್ನೆಯೂ ಹೌದು. ಅಪಾಯ ಕಣ್ಣಿಗೆ ಬಿದ್ದಾಗಿನಿಂದ ಚಕ್ರ ಬಿಗಿಯುವವರೆಗೆ ಒಂದೂವರೆ ಸೆಕೆಂಡು ಕಳೆಯುತ್ತದೆಂದು ಎಣಿಸುವುದು ವಾಡಿಕೆ. 64ರ ವೇಗದಲ್ಲಿ ಅಷ್ಟರಲ್ಲಿ ಕಾರು 26.7 ಮೀಟರ್ ಓಡಿರುತ್ತದೆ. ಅದಕ್ಕೆ ಜಾರಿದ 18 ಮೀಟರ್ ಸೇರಿಸಿದರೆ, ಚಾಲಕನಿಗೆ ಮೋಟಾರು ಸೈಕಲು ಕಂಡಾಗ ನಡುವಣ ಅಂತರ ಸುಮಾರು 45 ಮೀಟರ್. ಈಗ ಅದೇ ಜಾಗದಲ್ಲಿ 50ರ ವೇಗದಲ್ಲಿ ಬರುತ್ತಿದ್ದ ಕಾರನ್ನು ಊಹಿಸಿರಿ. ಒಂದೂವರೆ ಸೆಕೆಂಡಿನಲ್ಲಿ 20.8 ಮೀಟರ್, ಆಮೇಲೆ ಬ್ರೇಕಿನಿಂದ ನಿಲ್ಲಲು 14 ಮೀಟರ್, ಒಟ್ಟು 35. ಆ ಕಾರು ರೈತನಿಂದ 10 ಮೀಟರ್ ದೂರದಲ್ಲೇ ನಿಲ್ಲುತ್ತಿತ್ತು! ಅವನು ಓಣಿಯಿಂದ ಅಜಾಗರೂಕತೆಯಿಂದ ಬಂದಿದ್ದರೂ ಸರಿಯೇ, ಕಾಲು ಮುರಿಯುತ್ತಿರಲಿಲ್ಲ.

ಇಷ್ಟಕ್ಕೆ ರೈತನ ವಕೀಲರು ಸಂತೋಷಪಡಬಹುದು. ಆದರೆ ಕಂಪನಿಯು, ಆ ಬೆಳಗ್ಗೆ ತುಂತುರು ಮಳೆ ಬಂದು ರಸ್ತೆ ಒದ್ದೆಯಾಗಿತ್ತು ಎನ್ನುತ್ತದೆ. ಒದ್ದೆ ರಸ್ತೆಯ ಘರ್ಷಣಾಂಕ 0.4ರಷ್ಟಕ್ಕೆ ಇಳಿಯಬಹುದು. ಅದೇ 18 ಮೀಟರ್ ಗುರುತು ಈಗ ಹೇಳುವ ಕಥೆಯೇ ಬೇರೆ. ಗುಣಲಬ್ಧ 141, ಅದಕ್ಕೆ 69 ಸೇರಿ 210, ವೇಗ ಗಂಟೆಗೆ ಸುಮಾರು 52 ಕಿಲೋಮೀಟರ್. ಮಿತಿಯನ್ನು ದಾಟಿದ್ದು ಎರಡು ಕಿಲೋಮೀಟರಷ್ಟೆ. ಮೋಟಾರು ಸೈಕಲು ಕಂಡಾಗಿನ ಅಂತರ 40 ಮೀಟರ್. ಆದರೆ 50ರ ವೇಗದಲ್ಲಿ ಬಂದ ಕಾರಿಗೂ ಒದ್ದೆಯಲ್ಲಿ ನಿಲ್ಲಲು 45 ಮೀಟರ್ ಬೇಕು. ಎಂದರೆ ಮಿತಿಯೊಳಗೆ ಬಂದಿದ್ದರೂ ಡಿಕ್ಕಿ ತಪ್ಪುತ್ತಿರಲಿಲ್ಲ. (ಒದ್ದೆ ರಸ್ತೆಯಲ್ಲಿ 50ಕ್ಕಿಂತಲೂ ನಿಧಾನವಾಗಿ ಬರಬೇಕಾಗಿತ್ತೆಂಬ ವಾದ ಆಗಲೂ ಉಳಿಯುತ್ತದೆ, ಅದು ಭೌತಶಾಸ್ತ್ರದ ಮಾತಲ್ಲ, ವಿವೇಕದ ಮಾತು.)

ಹೀಗೆ ರೈತನ ಲಕ್ಷಾಂತರ ರೂಪಾಯಿಗಳು ಆ ಗಳಿಗೆಯಲ್ಲಿ ರಸ್ತೆ ಒಣಗಿತ್ತೋ ಒದ್ದೆಯಾಗಿತ್ತೋ ಎಂಬ ಒಂದೇ ಸಂಗತಿಯ ಮೇಲೆ ನಿಂತಿವೆ. ಸ್ಥಳ ಮಹಜರು ಎಷ್ಟೋ ವೇಳೆ ಮಾರನೆಯ ದಿನ ನಡೆಯುತ್ತದೆ. ಅಷ್ಟರಲ್ಲಿ ಬಿಸಿಲು ರಸ್ತೆಯನ್ನು ಒಣಗಿಸಿರುತ್ತದೆ, ಟೈರಿನ ಗುರುತಿನ ಮೇಲೆ ನೂರು ವಾಹನಗಳು ಹಾದುಹೋಗಿರುತ್ತವೆ. ಆದುದರಿಂದ ಗಾಯಗೊಂಡವರನ್ನು ಆಸ್ಪತ್ರೆಗೆ ಕಳುಹಿಸಿದ ಮೇಲೆ, ಅದಕ್ಕೆ ಮುಂಚೆ ಯಾವುದೂ ಬೇಡ, ಅಲ್ಲಿ ಉಳಿದ ಯಾರಾದರೊಬ್ಬರು ತಮ್ಮ ಮೊಬೈಲಿನಲ್ಲಿ ರಸ್ತೆಯ ಮೇಲ್ಮೈ, ಗುರುತಿನ ಮೊದಲು ಹಾಗೂ ಕೊನೆ, ಬಿದ್ದ ಗಾಜಿನ ಚೂರುಗಳು ಇವುಗಳ ಚಿತ್ರ ತೆಗೆದಿಟ್ಟರೆ, ಒಂದು ಟೇಪು ಹಿಡಿದು ಉದ್ದ ಅಳೆದಿಟ್ಟರೆ, ಅದು ಹತ್ತು ಸಾಕ್ಷಿಗಳಿಗೆ ಸಮ. ಚಿತ್ರವಿಲ್ಲದಿದ್ದರೂ ದಾರಿಯೊಂದುಂಟು. ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವು ಹೋಬಳಿ ಮತ್ತು ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಸ್ವಯಂಚಾಲಿತ ಮಳೆಮಾಪಕಗಳನ್ನು ನಿಲ್ಲಿಸಿದೆ. ಅವು ದಿನದ ಮೊತ್ತವನ್ನಷ್ಟೇ ಅಲ್ಲದೆ ಯಾವ ಹೊತ್ತಿನಲ್ಲಿ ಎಷ್ಟು ಮಳೆ ಬಿತ್ತೆಂಬುದನ್ನೂ ದಾಖಲಿಸುತ್ತವೆ. ಬೆಳೆ ವಿಮೆಗೂ ನೆರೆಯ ಮುನ್ಸೂಚನೆಗೂ ಬಳಕೆಯಾಗುವ ಈ ಅಂಕಿಗಳು ಕಾರಿನ ವಿಮೆಯ ವ್ಯಾಜ್ಯಕ್ಕೂ ಒದಗಬಲ್ಲವೆಂಬುದು ಹಲವರಿಗೆ ಹೊಳೆದಿರಲಾರದು.

ಮಳೆಯೊಂದೇ ಅಲ್ಲ. ಸುಗ್ಗಿಯ ಕಾಲದಲ್ಲಿ ನಮ್ಮ ಹಳ್ಳಿಗಾಡಿನ ಡಾಂಬರು ರಸ್ತೆಗಳು ಕಣಗಳಾಗುವುದನ್ನು ಎಲ್ಲರೂ ಕಂಡಿದ್ದೇವೆ. ರಾಗಿಯ ತೆನೆ, ಹುರುಳಿಯ ಬಳ್ಳಿಗಳನ್ನು ರಸ್ತೆಗೆ ಹರಡಿ, ಹಾದುಹೋಗುವ ಚಕ್ರಗಳಿಂದ ಒಕ್ಕಣೆ ಮಾಡಿಸಿಕೊಳ್ಳುವುದು ರೂಢಿ. ಟೈರಿಗೂ ಡಾಂಬರಿಗೂ ನಡುವೆ ಹುಲ್ಲು ಬಂದರೆ ಘರ್ಷಣೆ ಕುಸಿಯುತ್ತದೆ. ಬ್ರೇಕು ಹಿಡಿದರೂ ವಾಹನ ಜಾರುತ್ತಲೇ ಇರುತ್ತದೆ. ಅಂಥ ಕಡೆ ಉದ್ದವಾದ ಗುರುತನ್ನು ಕಂಡು ಚಾಲಕನನ್ನು ದೂಷಿಸುವುದು ತಪ್ಪಾದೀತು. ಸಂಜೆಯ ವೇಳೆಗೆ ಒಕ್ಕಿದ ಹುಲ್ಲನ್ನು ಒಟ್ಟಿಕೊಂಡು ಹೋಗಿರುತ್ತಾರೆ, ಮಹಜರಿನಲ್ಲಿ ಅದು ಕಾಣುವುದೇ ಇಲ್ಲ!

ವಾಹನಗಳು ಕೊನೆಗೆ ಎಲ್ಲಿ ನಿಂತಿದ್ದವೆಂಬುದರಿಂದ ತಪ್ಪನ್ನು ನಿರ್ಣಯಿಸುವ ಅಭ್ಯಾಸವೂ ಇದೆ. ಇದರಲ್ಲಿ ಎಷ್ಟು ಮೋಸವಿದೆಯೆಂಬುದಕ್ಕೆ ಸಂವೇಗದ ನಿಯಮವೇ ಸಾಕ್ಷಿ. 10,000 ಕಿಲೋಗ್ರಾಂ ತೂಕದ ಲಾರಿ ಗಂಟೆಗೆ 36 ಕಿಲೋಮೀಟರ್ ವೇಗದಲ್ಲಿಯೂ, ಎದುರಿನಿಂದ 1,000 ಕಿಲೋಗ್ರಾಂ ತೂಕದ ಕಾರು 54 ಕಿಲೋಮೀಟರ್ ವೇಗದಲ್ಲಿಯೂ ಬಂದು ಡಿಕ್ಕಿಯಾಗಿ ಒಂದಕ್ಕೊಂದು ಸಿಕ್ಕಿಕೊಂಡವೆನ್ನಿ. ಲೆಕ್ಕ ಹಾಕಿದರೆ ಎರಡೂ ಸೇರಿ ಲಾರಿಯ ದಿಕ್ಕಿನಲ್ಲೇ ಸುಮಾರು 28 ಕಿಲೋಮೀಟರ್ ವೇಗದಲ್ಲಿ ಮುಂದುವರಿಯುತ್ತವೆ. ಕಾರು ಬಂದ ದಾರಿಯಲ್ಲೇ ಹಿಂದಕ್ಕೆ ತಳ್ಳಲ್ಪಟ್ಟು, ತಿರುಗಿ, ಎತ್ತಲೋ ಹೋಗಿ ನಿಲ್ಲುತ್ತದೆ. ಅದು ನಿಂತ ಜಾಗ ಹೇಳುವುದು ಲಾರಿಯ ತೂಕವನ್ನು. ಯಾರು ಯಾರ ಬದಿಗೆ ನುಗ್ಗಿದರೆಂಬುದನ್ನಲ್ಲ. ಅದಕ್ಕಾಗಿ ನೋಡಬೇಕಾದದ್ದು ಡಾಂಬರಿನಲ್ಲಿ ಕೊರೆದ ಗೀರು, ಚಕ್ರದ ಅಡಿಯಿಂದ ಉದುರಿದ ಮಣ್ಣು, ಟೈರಿನ ಗುರುತು ಥಟ್ಟನೆ ದಿಕ್ಕು ಬದಲಿಸಿದ ತಾಣ. 2013ರಲ್ಲಿ ಸರ್ವೋಚ್ಚ ನ್ಯಾಯಾಲಯವು, ಕೇರಳದಲ್ಲಿ ಬಸ್ಸಿಗೂ ಕಾರಿಗೂ ಆದ ಡಿಕ್ಕಿಯ ಪ್ರಕರಣದಲ್ಲಿ, ಇದೇ ಅಭಿಪ್ರಾಯಕ್ಕೆ ಬಂದಿತು: ಮಹಜರಿನಲ್ಲಿ ತೋರಿಸಿದ ವಾಹನಗಳ ಸ್ಥಾನವೊಂದರಿಂದಲೇ ಒಬ್ಬನ ನಿರ್ಲಕ್ಷ್ಯ ಸಾಬೀತಾಗದು. ಮೃತನ ಮೇಲೆ ಕೆಳಗಿನ ನ್ಯಾಯಾಲಯಗಳು ಹೊರಿಸಿದ್ದ ತಪ್ಪಿನ ಪಾಲನ್ನು ಅದು ತೆಗೆದುಹಾಕಿತು.

ಹೊಸ ಕಾರುಗಳಲ್ಲಿ ಟೈರಿನ ಗುರುತು ಮೊದಲಿನಷ್ಟು ಸ್ಪಷ್ಟವಾಗಿ ಬೀಳುವುದಿಲ್ಲ. ಚಕ್ರ ಪೂರ್ತಿ ಬಿಗಿಯದಂತೆ ತಡೆಯುವ ಎ.ಬಿ.ಎಸ್. ಬ್ರೇಕು 2019ರ ಏಪ್ರಿಲಿನಿಂದ ನಮ್ಮ ದೇಶದ ಹೊಸ ಕಾರುಗಳಲ್ಲಿ ಕಡ್ಡಾಯವಾಗಿದೆ. ಆದರೆ ಒಂದು ಕೈ ಕಸಿದುಕೊಂಡ ಯಂತ್ರವಿದ್ಯೆ ಇನ್ನೊಂದು ಕೈಯಲ್ಲಿ ಕೊಟ್ಟಿದೆ: ಗಾಳಿಚೀಲವನ್ನು ನಿಯಂತ್ರಿಸುವ ಪೆಟ್ಟಿಗೆಯು ಹಲವು ಕಾರುಗಳಲ್ಲಿ ಡಿಕ್ಕಿಗೆ ಮುಂಚಿನ ಕೆಲವು ಸೆಕೆಂಡುಗಳ ವೇಗವನ್ನೂ ಬ್ರೇಕನ್ನೂ ನೆನಪಿಟ್ಟುಕೊಳ್ಳುತ್ತದೆ. ಕಾರನ್ನು ಬೇಗನೆ ರಿಪೇರಿಗೆ ಕೊಟ್ಟರೆ ಆ ದಾಖಲೆ ಕೈಬಿಟ್ಟು ಹೋಗಬಹುದು.

ಇನ್ನು ನ್ಯಾಯಮಂಡಳಿಯ ತಕ್ಕಡಿಯ ವಿಷಯ. ಕೊಲೆಯ ಮೊಕದ್ದಮೆಯಲ್ಲಿ ಬೇಕಾಗುವಂತೆ ಸಂಶಯಕ್ಕೆ ಎಡೆಯಿಲ್ಲದ ಪುರಾವೆ ಇಲ್ಲಿ ಬೇಡ. ಯಾವುದು ಹೆಚ್ಚು ಸಂಭವನೀಯವೋ ಅದು ಸಾಕೆಂದು ಸರ್ವೋಚ್ಚ ನ್ಯಾಯಾಲಯವು 2009ರಲ್ಲಿ ಹೇಳಿದೆ. ಈ ಮಾತು ವಿಜ್ಞಾನದ ವಿದ್ಯಾರ್ಥಿಗೆ ಹಿಡಿಸಬೇಕು. ನಮ್ಮ ಲೆಕ್ಕವೂ 64 ಎಂದು ಕಡ್ಡಿ ಮುರಿದಂತೆ ಹೇಳಲಾರದು, ಘರ್ಷಣಾಂಕ 0.65ರಿಂದ 0.75ರ ನಡುವೆ ಇದ್ದರೆ ವೇಗ 62ರಿಂದ 66ರ ನಡುವೆ ಎಂದಷ್ಟೇ ಹೇಳೀತು. ಆದರೆ ಆ ಇಡೀ ಪಟ್ಟಿ 50ಕ್ಕಿಂತ ಮೇಲಿದೆ. ತೀರ್ಮಾನಕ್ಕೆ ಅಷ್ಟು ಸಾಕು. ಇದಕ್ಕೆದುರಾಗಿ, ಓಣಿಯಿಂದ ದೊಡ್ಡ ರಸ್ತೆಗೆ ಬರುವವನು ದಾರಿ ಬಿಡಬೇಕೆಂಬ ನಿಯಮವೂ ಇದೆ. ಆದ್ದರಿಂದ ರಸ್ತೆ ಒಣಗಿದ್ದರೂ ರೈತನ ಮೇಲೆ ಕಿಂಚಿತ್ ಪಾಲು ಬಿದ್ದರೆ ಆಶ್ಚರ್ಯವಿಲ್ಲ. ಅರ್ಧ ಮಾತ್ರ ನ್ಯಾಯವಲ್ಲವೆಂದು ನಮಗೆ ತೋರುತ್ತದೆ.

ಅವನ ಹಿಂದೆ ಕುಳಿತು ಬಂದವರ ಸ್ಥಿತಿ ಬೇರೆ. ಎರಡೂ ಚಾಲಕರ ತಪ್ಪಿನಿಂದ ಗಾಯಗೊಂಡ ಸಹಪ್ರಯಾಣಿಕನು ಇಬ್ಬರಲ್ಲಿ ಯಾರೊಬ್ಬರಿಂದಲಾದರೂ ಪೂರ್ತಿ ಪರಿಹಾರ ಪಡೆಯಬಹುದು. ರಾಜ್ಯ ರಸ್ತೆ ಸಾರಿಗೆ ನಿಗಮವು ಪಕ್ಷಗಾರನಾಗಿದ್ದ ಪ್ರಕರಣವೊಂದರಲ್ಲಿ ಕರ್ನಾಟಕ ಉಚ್ಚ ನ್ಯಾಯಾಲಯದ ಪೂರ್ಣಪೀಠವು ತಳೆದಿದ್ದ ಈ ನಿಲುವನ್ನು ಸರ್ವೋಚ್ಚ ನ್ಯಾಯಾಲಯವು 2015ರಲ್ಲಿ ಎತ್ತಿಹಿಡಿಯಿತು. ತಪ್ಪಿನ ಗೊಡವೆಯೇ ಬೇಡವೆನ್ನುವವರಿಗೂ ಒಂದು ಹಾದಿಯಿದೆ. 2022ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ 164ನೆಯ ಕಲಮಿನಂತೆ ಮರಣಕ್ಕೆ 5 ಲಕ್ಷ, ತೀವ್ರ ಗಾಯಕ್ಕೆ ಎರಡೂವರೆ ಲಕ್ಷ ರೂಪಾಯಿ ದೊರೆಯುತ್ತದೆ. ಯಾರ ತಪ್ಪೆಂದು ತೋರಿಸಬೇಕಾಗಿಲ್ಲ. ಆದರೆ ಅದನ್ನು ಒಪ್ಪಿಕೊಂಡರೆ ಹೆಚ್ಚಿನ ಪರಿಹಾರದ ಅರ್ಜಿ ಅಲ್ಲಿಗೆ ಮುಗಿಯುತ್ತದೆ. ನಮ್ಮ ರೈತನ 8 ಲಕ್ಷದ ಪಕ್ಕದಲ್ಲಿ ಈ ಎರಡೂವರೆ ಲಕ್ಷವನ್ನಿಟ್ಟು ನೋಡಿದರೆ ಅವಸರದ ಸಹಿಯ ಬೆಲೆ ತಿಳಿಯುತ್ತದೆ.

ಕಾರಿನ ಮಾಲೀಕನಿಗೆ ತನ್ನ ಕಂಪನಿಯೊಡನೆಯೇ ಜಗಳ ಬರುವುದೂ ಉಂಟು. ಸಮಗ್ರ ವಿಮೆಯಿದ್ದರೆ ತನ್ನ ವಾಹನದ ರಿಪೇರಿಗೆ ಸಾಮಾನ್ಯವಾಗಿ ತಪ್ಪಿನ ವಿಚಾರಣೆ ಇಲ್ಲ. ಕುಡಿದು ಓಡಿಸಿದ್ದು, ಲೈಸೆನ್ಸ್ ಇಲ್ಲದ್ದು ಬೇರೆ ಮಾತು. ನಷ್ಟವನ್ನು ಅಂದಾಜು ಮಾಡುವ ಸರ್ವೇಯರನ ವರದಿ ಕಡೆಯ ಮಾತಲ್ಲವೆಂದು 2009ರ ಇನ್ನೊಂದು ತೀರ್ಪು ಹೇಳುತ್ತದೆ. ಮೊದಲು ಕಂಪನಿಗೆ ಲಿಖಿತ ದೂರು, ಅಲ್ಲಿ ಬಗೆಹರಿಯದಿದ್ದರೆ ಬೆಂಗಳೂರಿನ ವಿಮಾ ಒಂಬುಡ್ಸ್‌ಮನ್ ಕಚೇರಿ. ರಸ್ತೆಯ ಬದಿಯಲ್ಲಿ ಗುಂಪಿನ ಒತ್ತಾಯಕ್ಕೆ "ತಪ್ಪು ನನ್ನದೇ" ಎಂದು ಬರೆದುಕೊಡುವುದನ್ನು ವಿಮೆಯ ಕರಾರುಗಳೇ ನಿಷೇಧಿಸಿರುತ್ತವೆಂಬುದನ್ನು ಮಾಲೀಕರು ತಿಳಿದಿರಬೇಕು.

ಘರ್ಷಣಾಂಕವನ್ನು ಪುಸ್ತಕದಿಂದ ನಂಬುವುದಕ್ಕಿಂತ ಅಳೆದು ನೋಡುವುದು ಮೇಲು. ಹಳೆಯ ಟೈರಿನ ತುಂಡನ್ನು ಹಲಗೆಯೊಂದರ ಅಡಿಗೆ ಮೊಳೆ ಹೊಡೆದು ಕೂರಿಸಿ, ಮೇಲೆ ಇಟ್ಟಿಗೆಗಳನ್ನಿಟ್ಟು, ಒಟ್ಟು ತೂಕ 5 ಕಿಲೋಗ್ರಾಂ ಆಗುವಂತೆ ಮಾಡಿರಿ. ಶಾಲೆಯ ಸ್ಪ್ರಿಂಗ್ ತಕ್ಕಡಿಯನ್ನು ಕೊಕ್ಕೆಗೆ ಸಿಕ್ಕಿಸಿ, ವಾಹನಗಳು ಬಾರದ ಕಡೆಯ ಡಾಂಬರಿನ ಮೇಲೆ ಸಮವೇಗದಲ್ಲಿ ಎಳೆಯಿರಿ. ತಕ್ಕಡಿ 3.5 ತೋರಿಸಿದರೆ ಘರ್ಷಣಾಂಕ 0.7. ಬಳಿಕ ಒಂದು ಬಿಂದಿಗೆ ನೀರು ಸುರಿದು ಮತ್ತೆ ಎಳೆಯಿರಿ. ಅದಾದ ಮೇಲೆ ಒಣಗಿದ ಜಾಗದಲ್ಲಿ ಒಂದು ಹಿಡಿ ರಾಗಿ ಹುಲ್ಲನ್ನು ಹರಡಿ ಎಳೆಯಿರಿ. ನಿಧಾನವಾಗಿ ಎಳೆದಾಗ ಬರುವ ಅಂಕಿಯೂ ವೇಗವಾಗಿ ಜಾರುವ ಟೈರಿನದೂ ತುಸು ಬೇರೆಯಾದಾವು. ಮೂರು ಅಂಕಿಗಳ ನಡುವಣ ಅಂತರವನ್ನು ನೋಡಲು ಅದೇನೂ ಅಡ್ಡಿಯಲ್ಲ.